ಮುಳುಗಿದವರ ಚಿತ್ರಗಳೆಲ್ಲಿ?

ಏಜಿಯನ್ ಕಡಲಿನ ಉತ್ತರದಲ್ಲಿ ಸಾಮೊಥ್ರೇಸ್ ಎಂಬ ಗುಡ್ಡಗಾಡು ದ್ವೀಪವಿದೆ. ಹಳೆಯ ಗ್ರೀಕ್ ನಾವಿಕರಿಗೆ ಅದು ಹರಕೆಯ ಜಾಗ. ಅಲ್ಲಿನ ಮಹಾದೇವತೆಗಳ ದೀಕ್ಷೆ ಪಡೆದು ಸೊಂಟಕ್ಕೆ ನೇರಳೆ ಪಟ್ಟಿ ಸುತ್ತಿಕೊಂಡವನನ್ನು ಕಡಲು ನುಂಗದು ಎಂಬ ನಂಬಿಕೆ. ಬಿರುಗಾಳಿಗೆ ಸಿಕ್ಕಿ ಬದುಕಿ ಬಂದವರು ಚಿತ್ರ ಬರೆಸಿ ಗುಡಿಗೆ ಒಪ್ಪಿಸುತ್ತಿದ್ದರು. ಡಯಾಗೊರಾಸ್ ಎಂಬ ಹೆಸರುವಾಸಿ ನಾಸ್ತಿಕ ಅಲ್ಲಿಗೆ ಹೋದಾಗ ಗೆಳೆಯನೊಬ್ಬ ಆ ಚಿತ್ರಗಳತ್ತ ಕೈ ತೋರಿಸಿದ. ದೇವರಿಗೆ ಮನುಷ್ಯರ ಗೊಡವೆಯೇ ಇಲ್ಲ ಅನ್ನುತ್ತೀಯಲ್ಲ, ಹರಕೆ ಹೊತ್ತು ಉಳಿದವರು ಎಷ್ಟು ಮಂದಿ ನೋಡು ಎಂದ. ಡಯಾಗೊರಾಸ್ ಒಪ್ಪಿಕೊಂಡ: ನಿಜವೇ, ಮುಳುಗಿ ಹೋದವರ ಚಿತ್ರವನ್ನು ಯಾರೂ ಬರೆಸಿಲ್ಲವಲ್ಲ!

ಕತೆ ಸಿಸೆರೊ ಕ್ರಿಸ್ತಪೂರ್ವ 45ರಲ್ಲಿ ದೇವರುಗಳ ಸ್ವಭಾವದ ಬಗ್ಗೆ ಬರೆದ ಪುಸ್ತಕದ್ದು. ಬೆನ್ನಿಗೇ ಇನ್ನೊಂದು ಬರುತ್ತದೆ. ಡಯಾಗೊರಾಸ್ ಹೊರಟ ಹಡಗಿಗೆ ಬಿರುಗಾಳಿ ಬಡಿದಾಗ, ಇಂಥವನನ್ನು ಹತ್ತಿಸಿಕೊಂಡದ್ದಕ್ಕೇ ಈ ಗತಿ ಎಂದು ನಾವಿಕರು ಗೊಣಗಿದರು. ಅವನು ಅದೇ ಗಾಳಿಯಲ್ಲಿ ಹೊಯ್ದಾಡುತ್ತಿದ್ದ ಬೇರೆ ಹಡಗುಗಳನ್ನು ತೋರಿಸಿ, ಅವುಗಳಲ್ಲೂ ಡಯಾಗೊರಾಸ್ ಇದ್ದಾನೆಯೇ ಎಂದು ಕೇಳಿದನಂತೆ. ಸಾವಿನ ಬಾಯಲ್ಲೂ ತರ್ಕ ಬಿಡದ ಆಸಾಮಿ.

1620ರಲ್ಲಿ ಫ್ರಾನ್ಸಿಸ್ ಬೇಕನ್ ಹರಕೆ ಚಿತ್ರಗಳ ಕತೆಯನ್ನು ಮತ್ತೆ ಎತ್ತಿಕೊಂಡ. ಫಲಿಸಿದ್ದನ್ನು ಎಣಿಸುವುದು, ಫಲಿಸದ್ದನ್ನು ಮರೆಯುವುದು ಮನುಷ್ಯಬುದ್ಧಿಯ ಹಳೆಯ ಚಾಳಿ ಎನ್ನುವುದಕ್ಕೆ ಅವನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಲೆಕ್ಕದ ದೃಷ್ಟಿಯಿಂದ ಡಯಾಗೊರಾಸನ ಮಾತಿಗೆ ಎದುರಾಡುವುದು ಕಷ್ಟ. ಮುಳುಗಿದವನೂ ಹರಕೆ ಹೊತ್ತೇ ಇದ್ದಿರಬೇಕು. ತೀರಿಸಲು ಅವನು ಬರಲಿಲ್ಲ, ಅಷ್ಟೆ.

ಆದರೆ ಆ ಚಿತ್ರಗಳನ್ನು ಬರೆಸಿದವರು ಲೆಕ್ಕ ಒಪ್ಪಿಸಲು ಹೊರಟವರೇ? ಮಾರ್ಸೇಲ್ಸ್ ಬಂದರಿನ ಗುಡ್ಡದ ಮೇಲೆ, 1864ರಲ್ಲಿ ಪ್ರತಿಷ್ಠೆಯಾದ ನೋತ್ರ್ ದಾಮ್ ದ ಲಾ ಗಾರ್ದ್ ಚರ್ಚಿದೆ. ಚಾವಣಿಯಿಂದ ಪುಟ್ಟ ಪುಟ್ಟ ಹಡಗುಗಳು ತೂಗುತ್ತವೆ, ಗೋಡೆಗಳಲ್ಲಿ ಕೃತಜ್ಞತೆಯ ಅಮೃತಶಿಲೆ ಫಲಕಗಳೂ ಚಿತ್ರಗಳೂ. ಮೆಡಿಟರೇನಿಯನ್ ತೀರದ ಇಂಥ ಹರಕೆ ಚಿತ್ರಗಳಿಗೆ ಒಂದು ಸಿದ್ಧ ಮಾದರಿಯೇ ಇದೆ: ಕೆಳಗೆ ಮುರಿದ ಪಟಮರ, ಕರಿ ಅಲೆಗಳು, ಮೇಲೆ ಮೂಲೆಯಲ್ಲಿ ಮೋಡ ಸರಿಸಿ ಇಣುಕುವ ಮಾತೆ ಮರಿಯ. ಬರೆದವರು ಅನೇಕ ಸಲ ಬಂದರಿನ ಸಾಧಾರಣ ಕಸುಬುದಾರರು. ಆಕಾಶ ಹೇಗಿದ್ದರೂ ನಡೆದೀತು, ಹಗ್ಗ ಹಾಯಿಗಳು ಮಾತ್ರ ತಪ್ಪುವಂತಿಲ್ಲ, ನೋಡುವವರೆಲ್ಲ ನಾವಿಕರಲ್ಲವೇ?

ಕಣ್ಣುನೋವು ವಾಸಿಯಾದರೆ ಬೆಳ್ಳಿಯ ಕಣ್ಣು, ಮಗು ಹುಟ್ಟಿದರೆ ತೊಟ್ಟಿಲು ಒಪ್ಪಿಸುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳ್ಳಿಯ ಕಣ್ಣು ದೇವರಿದ್ದಾನೆ ಎಂದು ಸಾಧಿಸಲು ಹೋಗುವುದಿಲ್ಲ. ಆಡಿದ ಮಾತನ್ನು ನಡೆಸಿದ್ದೇನೆ ಎನ್ನುತ್ತದೆ. ಅದು ಸಾಲ ತೀರಿದ ರಸೀದಿ. ಡಯಾಗೊರಾಸನೂ ಅವನ ಗೆಳೆಯನೂ ಅದನ್ನು ಸಾಕ್ಷಿಪತ್ರವೆಂದು ಓದಿದರು. ತಪ್ಪು ಇಬ್ಬರದೂ.

ಕರಾವಳಿಯ ಅತಿ ಪ್ರಸಿದ್ಧ ಹಡಗಿನ ಕತೆಯೂ ಇದೇ ಬಗೆಯದು. 13ನೇ ಶತಮಾನದಲ್ಲಿ ಮಲ್ಪೆಯ ದಡದಲ್ಲಿದ್ದ ಮಧ್ವಾಚಾರ್ಯರು, ಗಾಳಿಗೆ ಸಿಕ್ಕ ಹಡಗೊಂದನ್ನು ಕಂಡು ತಮ್ಮ ವಸ್ತ್ರ ಬೀಸಿ ದಡ ಸೇರಿಸಿದರು ಎನ್ನುತ್ತದೆ ಐತಿಹ್ಯ. ಏನು ಬೇಕಾದರೂ ಕೇಳಿ ಎಂದ ನಾವಿಕನಿಂದ ಅವರು ಪಡೆದದ್ದು ಹಡಗಿನಲ್ಲಿ ಭಾರಕ್ಕೆಂದು ಹಾಕಿದ್ದ ಗೋಪೀಚಂದನದ ಹೆಂಟೆ. ಅದರೊಳಗಿಂದ ಬಂದ ಕೃಷ್ಣನೇ ಇಂದು ಉಡುಪಿಯಲ್ಲಿರುವುದು. ಎಲ್ಲ ಕಡೆ ಕಾಣಿಕೆ ದೇವರಿಗೆ ಸಲ್ಲುತ್ತದೆ. ಇಲ್ಲಿ ಕಾಣಿಕೆಯೇ ದೇವರಾಯಿತು. ಆದರೂ ಇದು ಪಾರಾದ ಹಡಗಿನ ಕತೆಯೇ.

ಮುಳುಗಿದವರಿಗೆ ಕಲ್ಲು ನಿಲ್ಲಿಸಿದ ಪದ್ಧತಿ ಇಲ್ಲವೆಂದಲ್ಲ. ಮುಂಬಯಿಯ ಬೋರಿವಲಿ ಬಳಿಯ ಏಕ್ಸರ್‌ನಲ್ಲಿ ನೌಕಾಯುದ್ಧದ ವೀರಗಲ್ಲುಗಳಿವೆ. ಸಾಲು ಹುಟ್ಟುಗಳ ಹಡಗುಗಳು ಒಂದರ ಮೇಲೊಂದು ಬೀಳುತ್ತವೆ, ಜನ ಸಾಯುತ್ತಾರೆ. ಕಲ್ಲಿನ ತುದಿಗೆ ಕಣ್ಣು ಹೋದರೆ ಮಾತ್ರ ಅದೇ ಕೈಲಾಸ, ಅದೇ ಶಿವ. ವೀರಗಲ್ಲು ಸತ್ತವನನ್ನೂ ಪಾರಾದವರ ಪಂಕ್ತಿಯಲ್ಲಿ ಕೂರಿಸಿಬಿಡುತ್ತದೆ. ಅದೂ ಕತ್ತಿ ಹಿಡಿದವನನ್ನು. ಬಲೆ ಹಿಡಿದು ಹೋಗಿ ಮರಳದವನಿಗೆ ಅಲ್ಲಿ ಜಾಗವಿಲ್ಲ.

ಅಂಥವರ ಗೋಡೆಯೊಂದು ಫ್ರಾನ್ಸಿನ ಬ್ರಿಟನಿಯಲ್ಲಿದೆ. ಪೆಂಪೋಲ್ ಪ್ರದೇಶದಿಂದ 1852ರಿಂದ 1935ರವರೆಗೆ ಐಸ್‌ಲ್ಯಾಂಡಿನ ತಣ್ಣನೆಯ ನೀರಿಗೆ ಮೀನು ಹಿಡಿಯಲು ಹೋದವರಲ್ಲಿ ಸುಮಾರು 2000 ಮಂದಿ ಹಿಂದಿರುಗಲಿಲ್ಲ. ಪ್ಲೂಬಜ್ಲಾನೆಕ್ ಊರಿನ ಸ್ಮಶಾನದ ಗೋಡೆಯ ಫಲಕಗಳಲ್ಲಿ ಹಡಗಿನ ಹೆಸರು, ಆಳುಗಳ ಹೆಸರು, ಕಡಲಲ್ಲಿ ಕಣ್ಮರೆ ಎಂಬ ಮಾತು. ಮೂಲೆಯಲ್ಲಿ ಮೋಡ ಸರಿಸಿ ಇಣುಕುವವರಿಲ್ಲ. ಹೂಳಲು ದೇಹವೇ ಸಿಗದ ಮನೆಯವರಿಗೆ ದೀಪ ಹಚ್ಚಲು ಒಂದು ಜಾಗ ಬೇಕಿತ್ತು.

ಡಯಾಗೊರಾಸ್ ಕೇಳಿದ ಚಿತ್ರವನ್ನು ಕೊನೆಗೆ ಬರೆದವನು ಬಹುಶಃ ತಿಯೊಡೋರ್ ಜೆರಿಕೊ. 1816ರ ಜುಲೈಯಲ್ಲಿ ಮೆಡೂಸಾ ಎಂಬ ಫ್ರೆಂಚ್ ನೌಕೆ ಆಫ್ರಿಕಾದ ಪಶ್ಚಿಮ ತೀರದ ಮರಳುದಿಬ್ಬಕ್ಕೆ ಸಿಕ್ಕಿಕೊಂಡಿತು. ಅದರ ಕ್ಯಾಪ್ಟನ್ ಇಪ್ಪತ್ತು ವರ್ಷಗಳಿಂದ ಹಡಗು ನಡೆಸದವನು. ಅರಮನೆಯ ಕೃಪೆಯಿಂದ ಹುದ್ದೆ ಗಿಟ್ಟಿಸಿದ್ದ. ದೋಣಿಗಳು ಸಾಲದೆ ಸುಮಾರು 147 ಮಂದಿಯನ್ನು ಮರದ ತೆಪ್ಪವೊಂದಕ್ಕೆ ತುಂಬಿ, ಎಳೆದೊಯ್ಯಬೇಕಿದ್ದ ಹಗ್ಗವನ್ನೇ ಬಿಟ್ಟುಕೊಟ್ಟರು. ಹದಿಮೂರು ದಿನ ಕಳೆದಾಗ ಉಳಿದವರು 15. ಜೆರಿಕೊ ಬದುಕಿ ಬಂದವರನ್ನು ಮಾತಾಡಿಸಿದ, ಹಡಗಿನ ಬಡಗಿಯಿಂದಲೇ ತೆಪ್ಪದ ಮಾದರಿ ಮಾಡಿಸಿದ, ಶವಾಗಾರಕ್ಕೆ ಹೋಗಿ ಹೆಣಗಳ ಬಣ್ಣ ನೋಡಿ ಬಂದ. 1819ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡ ಚಿತ್ರ ಸುಮಾರು 16 ಅಡಿ ಎತ್ತರ, 23 ಅಡಿ ಅಗಲ.

ಚಿತ್ರದ ಮುಂಭಾಗದಲ್ಲಿ ಹೆಣಗಳು; ಸತ್ತ ಯುವಕನನ್ನು ತೊಡೆಯ ಮೇಲೆ ಹಾಕಿಕೊಂಡು ಎತ್ತಲೋ ನೋಡುತ್ತ ಕೂತ ಮುದುಕ. ತುದಿಯಲ್ಲಿ ಕಪ್ಪು ಮನುಷ್ಯನೊಬ್ಬ ಪೀಪಾಯಿ ಹತ್ತಿ ಬಟ್ಟೆ ಬೀಸುತ್ತಿದ್ದಾನೆ. ಮಲ್ಪೆಯಲ್ಲಿ ವಸ್ತ್ರ ಬೀಸಿದ್ದು ದಡದಲ್ಲಿ ನಿಂತವರು. ಇಲ್ಲಿ ಬೀಸುವವನೇ ಮುಳುಗುತ್ತಿರುವವನು. ಹರಕೆ ಚಿತ್ರದಲ್ಲಿ ಮರಿಯ ಇರಬೇಕಾದ ಜಾಗದಲ್ಲಿ, ದಿಗಂತದ ಗೆರೆಯ ಮೇಲೆ, ಆರ್ಗಸ್ ಎಂಬ ಹಡಗು ಚುಕ್ಕಿಯಷ್ಟಿದೆ. ಜೆರಿಕೊ ಬರೆದದ್ದು ಅದು ಮೊದಲ ಸಲ ಕಂಡ ಗಳಿಗೆಯನ್ನು. ಆ ಸಲ ಆರ್ಗಸ್ ಅವರನ್ನು ಕಾಣದೆ ಹೊರಟುಹೋಯಿತು. ಎರಡು ಗಂಟೆ ಕಳೆದ ಮೇಲೆ ಮತ್ತೆ ಬಂತು.