ವಾಮನವೃಕ್ಷವೂ ಪಾಲಕನ ಋಣವೂ

ಮರವನ್ನು ಮರವಾಗಗೊಡದೆ, ಗೇಣುದ್ದದ ಕುಂಡದೊಳಗೆ ಬೇರುಗಳನ್ನು ಕತ್ತರಿಸಿ, ಕೊಂಬೆಗಳಿಗೆ ತಂತಿ ಸುತ್ತಿ, ಹಲವು ದಶಕಗಳ ಕಾಲ ಕುಬ್ಜವಾಗಿಯೇ ಉಳಿಸುವ ವಿದ್ಯೆಯೊಂದುಂಟು. ಇದರ ಮೂಲವು ಚೀನಾದೇಶ. ಇದನ್ನು ಬೆಳೆಸಿ ಬೋನ್ಸಾಯ್ ಎಂದು ಹೆಸರಿಟ್ಟವರು ಜಪಾನೀಯರು. ನಮ್ಮವರು ವಾಮನವೃಕ್ಷವೆನ್ನುತ್ತಾರೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಇಂತಹ ಮರಗಳಿಗಾಗಿಯೇ ಒಂದು ತೋಟವಿರುವುದು. ನೋಡಿದವರಲ್ಲಿ ಕೆಲವರು ಕಲೆಯೆಂದು ಕೊಂಡಾಡುವರು, ಕೆಲವರು ಹಿಂಸೆಯೆಂದು ಮುಖ ತಿರುಗಿಸುವರು. ಈ ಎರಡರಲ್ಲಿ ಯಾವುದು ನ್ಯಾಯವೆಂಬುದು ವಿಚಾರಾರ್ಹವಾಗಿದೆ.

ಅಮೆರಿಕಾ ಖಂಡದ ಕುಶಲಿಗಳು ಇದಕ್ಕಾಗಿ ಸ್ವೀಟ್ ಗಮ್ ಎಂಬ ತಮ್ಮ ದೇಶದ ಮರವನ್ನೂ ಆರಿಸಿಕೊಳ್ಳುವರು. ಅದರ ಎಲೆ ನಕ್ಷತ್ರದಾಕಾರದ್ದು, ಶರತ್ಕಾಲದಲ್ಲಿ ಕೆಂಪೇರುವುದು. ನಮ್ಮ ಸೀಮೆಯಲ್ಲಿ ಆ ಕೆಲಸಕ್ಕೆ ಸುಲಭವಾಗಿ ಒದಗತಕ್ಕವು ಆಲ, ಅತ್ತಿ, ಅಶ್ವತ್ಥಗಳೇ. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಂತಹ ಊರಿನಲ್ಲಿ ಇವನ್ನು ಹುಡುಕಲು ಕಾಡಿಗೆ ಹೋಗಬೇಕಾಗಿಲ್ಲ. ಹಕ್ಕಿಯು ಹಣ್ಣು ತಿಂದು ಉದುರಿಸಿದ ಬೀಜವು ಹಳೆಯ ಗಾರೆಗೋಡೆಯ ಬಿರುಕಿನಲ್ಲಿ ಸಿಕ್ಕಿ, ಒಂದೆರಡು ಮಳೆಗೆ ಚಿಗುರುವುದು. ಅಂತಹ ಸಸಿಯನ್ನು ನವುರಾದ ಬೇರು ಹರಿಯದಂತೆ ಬಿಡಿಸಿ ಕುಂಡದಲ್ಲಿ ನೆಡುವ ಗೃಹಸ್ಥನೊಬ್ಬನಿರುವನೆಂದು ಭಾವಿಸೋಣ. ಅವನು ಮಾಡಿದ್ದು ಪುಣ್ಯವೋ ಪಾಪವೋ?

ಪಾಪವೆಂಬುವರ ವಾದವು ದುರ್ಬಲವಾದುದಲ್ಲ. ಸ್ಥಾವರಗಳಿಗೂ ಅಂತಃಸಂಜ್ಞೆಯುಂಟು, ಸುಖದುಃಖಗಳುಂಟು ಎಂದು ಮನುವು ಹೇಳಿದ್ದಾನೆ. ಮರಗಳು ಕೇಳುತ್ತವೆ, ಕಾಣುತ್ತವೆ ಎಂದು ಮಹಾಭಾರತದ ಶಾಂತಿಪರ್ವದಲ್ಲಿ ಭೃಗುವು ಭರದ್ವಾಜನಿಗೆ ಸಾಧಿಸಿ ತೋರಿಸುತ್ತಾನೆ. ಕಾಳಿದಾಸನ ಶಕುಂತಲೆಯು ಅಲಂಕಾರಪ್ರಿಯೆಯಾದರೂ ಆಶ್ರಮದ ಗಿಡಗಳ ಚಿಗುರನ್ನು ಕೀಳಲಾರದವಳು. ಹೀಗಿರಲು, ಕಟ್ಟೆಯ ಮೇಲೆ ಪ್ರದಕ್ಷಿಣೆಗೆ ಪಾತ್ರವಾಗಬೇಕಾದ ಅಶ್ವತ್ಥವನ್ನು ಜಗಲಿಯ ಆಟಿಕೆಯಾಗಿ ಮಾಡಬಹುದೆ?

ಇದಕ್ಕೆ ಸಮಾಧಾನ ಹೇಳುವಾಗ ಎರಡು ಬಗೆಯ ಸಂಗ್ರಹವನ್ನು ಬೇರ್ಪಡಿಸಬೇಕು. ಬೆಟ್ಟದ ಬಂಡೆಯ ಸಂದಿನಲ್ಲಿ ಗಾಳಿಗೂ ಬಿಸಿಲಿಗೂ ಒಗ್ಗಿ ನಿಂತ ಮರವು ಯಾರಿಗೂ ಭಾರವಾಗಿಲ್ಲ. ಅದರ ಕುಬ್ಜತೆಯ ಅಂದಕ್ಕೆ ಮರುಳಾಗಿ ಅದನ್ನು ಕಿತ್ತು ತರುವುದು ಲೋಭವೇ ಸರಿ. ಗೋಡೆಯ ಸಸಿಯ ಸಂಗತಿ ಬೇರೆ. ಅದು ಬೆಳೆದರೆ ಗೋಡೆ ಬೀಳುವುದು. ಗೋಡೆಯನ್ನು ಉಳಿಸಿಕೊಳ್ಳುವವನು ಇಂದಲ್ಲ ನಾಳೆ ಅದನ್ನು ಕಡಿದೇ ತೀರುವನು. ಅದಕ್ಕೆ ಕುಂಡವು ಸೆರೆಯೂ ಹೌದು, ಆಶ್ರಯವೂ ಹೌದು. ಅಲ್ಲದೆ ಕುಂಡದ ಮರವು ಜಾತಿಯಿಂದ ಕುಬ್ಜವಾದುದಲ್ಲ. ಅದರ ಬೀಜ, ಸ್ವಭಾವ ಎಲ್ಲವೂ ದೊಡ್ಡ ಮರದವೇ. ನೆಲದಲ್ಲಿ ಬಿಟ್ಟರೆ ವಾಮನನು ತ್ರಿವಿಕ್ರಮನಾಗುವಂತೆ ಮತ್ತೆ ಬೆಳೆಯಬಲ್ಲುದು. ಕೋಲಾರದ ರೈತನು ರೇಷ್ಮೆಹುಳುವಿಗಾಗಿ ಹಿಪ್ಪುನೇರಳೆಯನ್ನು ಮತ್ತೆ ಮತ್ತೆ ಕತ್ತರಿಸಿ ಗಿಡವಾಗಿಯೇ ಇರಿಸುವನಷ್ಟೆ. ಕತ್ತರಿಸಿದ ಮಾತ್ರದಿಂದಲೇ ಕ್ರೂರನೆಂದು ಅವನನ್ನು ಯಾರೂ ಹಳಿಯುವುದಿಲ್ಲ.

ಹಾಗಾದರೆ ದೋಷವೆಲ್ಲಿ? ಕಿರಿದುಮಾಡುವುದರಲ್ಲಿರುವುದಕ್ಕಿಂತ ಹೆಚ್ಚಾಗಿ ಅದು ಪರಾಧೀನಮಾಡುವುದರಲ್ಲಿದೆ. ನೆಲದ ಮರವು ಬರಗಾಲದಲ್ಲಿ ಬೇರನ್ನು ಆಳಕ್ಕಿಳಿಸಿ ನೀರನ್ನು ತಾನೇ ಅರಸುವುದು. ಕುಂಡದ ಮರಕ್ಕೆ ಆ ಸ್ವಾತಂತ್ರ್ಯವನ್ನು ಕತ್ತರಿಯು ಕಳೆದಿದೆ. ಬೇಸಿಗೆಯಲ್ಲಿ ಎರಡು ದಿನ ಮರೆತರೆ ಅದು ಒಣಗಬಹುದು. ಬೇರನ್ನು ಕತ್ತರಿಸಿದವನು ಆ ಬೇರಿನ ಕೆಲಸವನ್ನು ತಾನು ವಹಿಸಿಕೊಂಡಂತಾಯಿತು. ಇದು ದಯೆಯಲ್ಲ, ಋಣ. ಹಿರೋಶಿಮಾ ನಗರದ ಯಾಮಾಕಿ ಮನೆತನದವರು ಸಲಹಿದ ಒಂದು ಪೈನ್ ಮರವು ೧೬೨೫ರಿಂದ ಕುಂಡದಲ್ಲಿ ಬೆಳೆದು, ೧೯೪೫ರ ಆಗಸ್ಟ್ ೬ರ ಅಣುಬಾಂಬಿನ ದಿನವನ್ನೂ ದಾಟಿ ಉಳಿಯಿತು. ೧೯೭೬ರಲ್ಲಿ ಅದನ್ನು ಅಮೆರಿಕಾ ದೇಶಕ್ಕೇ ಉಡುಗೊರೆಯಾಗಿ ಕೊಟ್ಟರು. ಅದರಲ್ಲಿ ಮೆಚ್ಚತಕ್ಕದ್ದು ಕೊಂಬೆಗಳ ಬಾಗಿಗಿಂತಲೂ, ತಲೆಮಾರುಗಳುದ್ದಕ್ಕೂ ತಪ್ಪದ ನೀರಿನ ಕೈ.

ಈ ಮಾತು ಮರಕ್ಕೆ ಮಾತ್ರವೇ ಸಲ್ಲುವುದೆ? ಚಾಂಪಿಯನ್ ರೀಫ್ಸ್ ತಾನೇ ಒಂದು ಕುಂಡವಾಗಿತ್ತು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಗಣಿಯನ್ನು ಕೈಗೊಂಡ ತರುವಾಯ ತಮಿಳು, ತೆಲುಗು ಸೀಮೆಗಳ ಬಡವರು ತಮ್ಮ ಹಳ್ಳಿಗಳಿಂದ ಬೇರು ಕಿತ್ತು ಬಂದು ಸಾಲುಮನೆಗಳ ಇಕ್ಕಟ್ಟಿನಲ್ಲಿ ನೆಲೆಯೂರಿದರು. ಬೇತಮಂಗಲದ ಕೆರೆಯಿಂದ ನೀರು ಬಂದಿತು. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಇಲ್ಲಿಯ ಗಣಿ ೧೦,೦೦೦ ಅಡಿಗೂ ಮೀರಿ ಆಳಕ್ಕಿಳಿಯಿತು. ಇಳಿದವರ ಬಾಳಿನ ಬೇರು ಮಾತ್ರ ಇಳಿಯಲಿಲ್ಲ, ಮನೆಯೂ ಗಣಿಯದೇ, ಅನ್ನವೂ ಗಣಿಯದೇ. ಅದಿರು ತೆಳುವಾಗಿ ವೆಚ್ಚವೇರಿ ೨೦೦೧ರ ಫೆಬ್ರವರಿ ೨೮ರಂದು ಗಣಿ ನಿಂತಾಗ, ಮಕ್ಕಳು ಮೊಮ್ಮಕ್ಕಳು ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗತೊಡಗಿದರು. ಬರಿದಾದ ಗಣಿಯನ್ನು ನಿಲ್ಲಿಸುವುದೇ ಅಧರ್ಮವೆಂದು ಹೇಳಲಾಗದು. ಆದರೆ ಕುಂಡವನ್ನು ಕೆಳಗಿಡುವ ಮುನ್ನ ಗಿಡಕ್ಕೆ ನೆಲವನ್ನು ತೋರಿಸತಕ್ಕದ್ದು ಇಟ್ಟವನ ಕರ್ತವ್ಯವೆಂಬುದರಲ್ಲಿ ಸಂದೇಹವಿಲ್ಲ.

ಆದಕಾರಣ ಗೃಹಸ್ಥನು ಗೋಡೆಯ ಅಶ್ವತ್ಥವನ್ನು ಕುಂಡಕ್ಕೆ ತರಬಹುದು. ತರುವ ಮೊದಲು ಮೂರನ್ನು ಯೋಚಿಸತಕ್ಕದ್ದು. ಅದು ನಿಂತಲ್ಲೇ ಬಾಳಬಲ್ಲುದೆ? ಬಾಳುವುದಾದರೆ ಮುಟ್ಟಕೂಡದು. ನೀರಿಗೆ ಬರವಿರುವ ಊರಿನಲ್ಲಿ ತನ್ನ ಕೊಡದ ಪಾಲು ಎಷ್ಟು ಕುಂಡಗಳಿಗೆ ಸಾಕು? ಅದಕ್ಕೆ ಮೀರಿದ ಒಂದನ್ನೂ ಇರಿಸಕೂಡದು. ತನ್ನ ಕೈ ಸೋತ ದಿನ, ಅಥವಾ ಮಗನ ಮನೆಗೆಂದು ಊರು ಬಿಡುವ ದಿನ, ನೀರೆರೆಯುವವರು ಯಾರು? ಯಾರೂ ಇಲ್ಲದಿದ್ದರೆ ಮುಂಗಾರಿನ ಮೊದಲಿಗೆ ಕುಂಡವನ್ನೊಡೆದು ಅದನ್ನು ಕೆರೆಯ ಬಳಿ, ಗೋಡೆಯಿಲ್ಲದ ಬಯಲಿನಲ್ಲಿ ನೆಟ್ಟು, ಬೇರು ಹಿಡಿಯುವವರೆಗೆ ಕಾಯತಕ್ಕದ್ದು. ಇಪ್ಪತ್ತು ವರ್ಷ ಗೇಣಿನಷ್ಟಿದ್ದ ಮರವು ಅನಂತರ ಆಳೆತ್ತರವನ್ನು ಮೀರಿ ನಿಂತರೆ, ಸಾಕಿದವನ ಋಣವು ತೀರಿತೆಂದು ತಿಳಿಯಬಹುದು.