ಹತ್ತಿರದ ನಡುಕ, ದೂರದ ಅಲೆ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಸೀಮೆಯ ನೆಲ ನಡುಗಿತು. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದವರ ಮೇಲೆ ಕಲ್ಲು-ಮಣ್ಣಿನ ಗೋಡೆಗಳು ಕುಸಿದು ಸಾವಿರಾರು ಜನ ಅಸುನೀಗಿದರು. ಹಿಂದಿನ ವರ್ಷವೇ ಕಿಲ್ಲಾರಿಯ ಸುತ್ತ ಸಣ್ಣ ನಡುಕಗಳು ಕಾಣಿಸಿಕೊಂಡಿದ್ದವು.

ಇದೇ ಮರಾಠವಾಡದ ಔಂಢಾ ನಾಗನಾಥದ ಬಳಿ ಗುರುತ್ವ ಅಲೆಗಳನ್ನು ಅಳೆಯುವ ಲೈಗೊ-ಇಂಡಿಯಾ ವೀಕ್ಷಣಾಲಯಕ್ಕೆ 2023ರಲ್ಲಿ ಕೇಂದ್ರ ಸಂಪುಟ ಸುಮಾರು 2600 ಕೋಟಿ ರೂಪಾಯಿಯ ಅನುಮೋದನೆ ನೀಡಿತು. ಕಾಲಡಿಯ ನಡುಕಕ್ಕೆ ಮನೆಮಠ ಕಳೆದುಕೊಂಡ ನಾಡು ಆಕಾಶದ ಕಂಪನಕ್ಕೆ ಕಿವಿಗೊಡುವುದು ಧರ್ಮವೇ?

ಆ ಅಳತೆಯ ಬಗೆಯನ್ನು ನೋಡೋಣ. ಅಮೆರಿಕದ ಎರಡು ಲೈಗೊ ಕೇಂದ್ರಗಳಲ್ಲಿ ಲಂಬವಾಗಿ ಕೂಡಿದ 4 ಕಿಲೋಮೀಟರ್ ಉದ್ದದ ಎರಡೆರಡು ತೋಳುಗಳಿವೆ. ಒಂದೇ ಲೇಸರ್ ಬೆಳಕು ಇಬ್ಭಾಗವಾಗಿ ಹೋಗಿ, ಕನ್ನಡಿಗೆ ತಾಗಿ ಮರಳುತ್ತದೆ. ಅಲೆ ಹಾದಾಗ ಒಂದು ತೋಳು ಹಿಗ್ಗಿ ಇನ್ನೊಂದು ಕುಗ್ಗುತ್ತದೆ. ಮರಳಿದ ಬೆಳಕುಗಳ ಹೊಂದಿಕೆ ತಪ್ಪುತ್ತದೆ. 2015ರ ಸೆಪ್ಟೆಂಬರ್ 14ರಂದು ಕಂಡ ವ್ಯತ್ಯಾಸ ಪ್ರೋಟಾನಿನ ನೂರರಲ್ಲೊಂದು ಪಾಲಿನಷ್ಟೂ ಇರಲಿಲ್ಲ. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದಾದ ಸುದ್ದಿ ಅದು. ಕದಡಿದ ಕಪ್ಪುಕುಳಿ ಗಂಟೆಯಂತೆ ಕಂಪಿಸಿ ಶಾಂತವಾಗುವುದೆಂದು ನಮ್ಮ ಕನ್ನಡಿಗ ವಿಜ್ಞಾನಿ ಸಿ. ವಿ. ವಿಶ್ವೇಶ್ವರ 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಇಷ್ಟು ಸೂಕ್ಷ್ಮವಾದುದನ್ನು ಕೇಳಬೇಕಾದರೆ ಮೊದಲು ತನ್ನ ನೆಲದ ಸದ್ದನ್ನು ಅರಿಯಬೇಕು. ದೂರದ ಲಾರಿ, ಕಡಲ ತೆರೆ, ಭೂಕಂಪ ಎಲ್ಲವನ್ನೂ ಬೇರೆ ಉಪಕರಣಗಳು ಸದಾ ದಾಖಲಿಸುತ್ತವೆ. ಒಂದು ಕೇಂದ್ರದ ಮಾತು ಸಾಲದು. ಲಿವಿಂಗ್‌ಸ್ಟನ್ನಿಗೆ ಬಂದ ಅಲೆ ಸುಮಾರು 7 ಮಿಲಿಸೆಕೆಂಡಿನ ಬಳಿಕ ಹ್ಯಾನ್‌ಫರ್ಡಿನಲ್ಲಿಯೂ ಕಂಡಿತು. 2010ರಲ್ಲಿ ಕೆಲವರು ಗುಟ್ಟಾಗಿ ಕೃತಕ ಸಂಕೇತವೊಂದನ್ನು ಸೇರಿಸಿದ್ದರು. ಉಳಿದ ವಿಜ್ಞಾನಿಗಳು ತಿಂಗಳುಗಟ್ಟಲೆ ದುಡಿದು ಪ್ರಬಂಧವನ್ನೂ ಸಿದ್ಧಪಡಿಸಿದ ಮೇಲೆ ಸತ್ಯ ಹೊರಬಿತ್ತು. ಯಾರೂ ಮುನಿಯಲಿಲ್ಲ, ಅಂಥ ಪರೀಕ್ಷೆಗೆ ಎಲ್ಲರೂ ಮೊದಲೇ ಒಪ್ಪಿದ್ದರು. ತಾನು ಮೋಸಹೋಗಬಲ್ಲೆನೆಂದು ಒಪ್ಪುವುದು ಬುದ್ಧಿಗಿಂತ ಮಿಗಿಲಾಗಿ ಶೀಲದ ಮಾತು.

ಈ ವೀಕ್ಷಣಾಲಯ ಭೂಕಂಪದ ಮುನ್ಸೂಚನೆ ಕೊಡದು. ಹಸಿದವರಿಗೆ ಅನ್ನವನ್ನೂ ನೀಡದು. ಹಾಗಾದರೂ ಅದು ಕಲಿಸುವ ಪಾಠ ನಮ್ಮದೇ: ಸಣ್ಣ ನಡುಕವನ್ನು ಕಡೆಗಣಿಸಬಾರದು, ಸಾಕ್ಷಿಯಿಲ್ಲದೆ ಸಾರಲೂಬಾರದು. 1992ರ ನಡುಕಗಳು ಮುಂದಿನದನ್ನು ಹೇಳಲಾರದೆ ಹೋದರೂ, ಗೋಡೆಗಳನ್ನು ಬಲಪಡಿಸಿಕೊಳ್ಳಿರೆಂಬಷ್ಟನ್ನು ಹೇಳಿದ್ದವು. ಆದ್ದರಿಂದ ದೂರಕ್ಕೆ ಕಿವಿಗೊಡುವುದು ಧರ್ಮವೇ ಸರಿ. ಆದರೆ ಕನ್ನಡಿ ಅಲುಗದಂತೆ ತೋರುವ ಕಾಳಜಿಯನ್ನು ಬಡವನ ಗೋಡೆ ಬೀಳದಂತೆಯೂ ತೋರಿದಾಗ ಮಾತ್ರ.