ಬಿಟ್ಟು ಹೋದವರನ್ನು ಬಿಡದ ದೇವರು

ಪ್ರವಾದಿಯಾದವನು ಊರಬಾಗಿಲಲ್ಲಿ ನಿಂತು ದೇವರ ಮಾತು ಸಾರಿದರೆ ಸಾಮಾನ್ಯವಾಗಿ ಅವನ ಕೆಲಸ ಮುಗಿಯುತ್ತಿತ್ತು. ಹೋಶೇಯನ ಪಾಡು ಬೇರೆ. ಅವನು ಆ ಮಾತನ್ನು ಸಂಸಾರ ಮಾಡಿ ತೋರಿಸಬೇಕಾಯಿತು. ಕ್ರಿ.ಪೂ. 8ನೇ ಶತಮಾನ, ಉತ್ತರದ ಇಸ್ರಾಯೇಲ್ ರಾಜ್ಯ, ಎರಡನೆಯ ಯಾರೊಬ್ಬಾಮನ ಕಾಲ. ನಡತೆಗೆಟ್ಟವಳನ್ನೇ ಮದುವೆಯಾಗು ಎಂದು ಅಪ್ಪಣೆಯಾಗುತ್ತದೆ. ಅವನು ಗೋಮೆರಳ ಕೈಹಿಡಿಯುತ್ತಾನೆ. ಮಗಳಿಗೆ ‘ಕರುಣೆ ಕಾಣದವಳು’, ಕಿರಿಯ ಮಗನಿಗೆ ‘ನನ್ನ ಜನವಲ್ಲ’ ಎಂಬ ಅರ್ಥದ ಹೆಸರು. ಮಕ್ಕಳನ್ನು ಊಟಕ್ಕೆ ಕೂಗಿದಾಗಲೆಲ್ಲ ಬೀದಿಗೇ ತೀರ್ಪು ಕೇಳಿಸಬೇಕು!

ತೀರ್ಪಿಗೆ ಕಾರಣ ಬಾಳ್ ಪೂಜೆ. ಬಾಳನು ಕಾನಾನಿನ ಮಳೆ ಬೆಳೆಗಳ ದೇವತೆ. ಇಸ್ರಾಯೇಲರು ಯೆಹೋವನನ್ನು ಪೂರ್ತಿ ತೊರೆದಿರಲಿಲ್ಲ. ಐಗುಪ್ತದ ದಾಸತ್ವದಿಂದ ಬಿಡಿಸಿದವನು ಅವನೇ ಸರಿ, ಆದರೆ ಹೊಲಕ್ಕೆ ನೀರು ಬೀಳಬೇಕಾದರೆ ಬಾಳನಿಗೂ ಸಲ್ಲಿಸಿಬಿಡೋಣ ಎಂಬ ಲೆಕ್ಕಾಚಾರ ಅವರದು. ಧಾನ್ಯ, ದ್ರಾಕ್ಷಾರಸ, ಎಣ್ಣೆ ಎಲ್ಲ ತನ್ನ ಕೈಯಿಂದಲೇ ಬಂದದ್ದೆಂದು ಅವರಿಗೆ ತಿಳಿಯದೇ ಹೋಯಿತಲ್ಲ ಎಂಬುದು ಈ ಪುಸ್ತಕದಲ್ಲಿ ದೇವರ ಕೊರಗು.

ಈ ಸಂಸಾರದ ರೂಪಕದಲ್ಲಿ ದೇವರು ಗಂಡ, ಇಸ್ರಾಯೇಲ್ ದಾರಿತಪ್ಪಿದ ಹೆಂಡತಿ. ಇಂಥ ಸಂಬಂಧವನ್ನು ಕಡಿದುಕೊಳ್ಳಲು ಧರ್ಮಶಾಸ್ತ್ರದ ಅಡ್ಡಿಯಿರಲಿಲ್ಲ. ಮರಳಿ ಕೂಡುವುದಕ್ಕೇ ಅಡ್ಡಿ: ತ್ಯಾಗಪತ್ರ ಪಡೆದು ಬೇರೊಬ್ಬನ ಹೆಂಡತಿಯಾದವಳನ್ನು ಮೊದಲ ಗಂಡ ಮತ್ತೆ ಸೇರಿಸಿಕೊಳ್ಳಬಾರದೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಮುಂದೆ ಯೆರೆಮೀಯನು ಇದೇ ಕಟ್ಟಳೆಯನ್ನು ನೆನಪಿಸಿ, ಹಾಗಿದ್ದರೂ ದೇವರು ತನ್ನ ಜನರನ್ನು ಕರೆಯುತ್ತಿದ್ದಾನೆ ಎನ್ನುತ್ತಾನೆ. ಹೋಶೇಯನಾದರೋ ಬಿಟ್ಟು ಹೋದ ಹೆಂಡತಿಯನ್ನು ಹಣ ಕೊಟ್ಟು ಬಿಡಿಸಿಕೊಂಡು ಬರುತ್ತಾನೆ. ಬೆಲೆ 15 ಶೆಕೆಲ್ ಬೆಳ್ಳಿ, ಜೊತೆಗೆ ಒಂದಿಷ್ಟು ಜವೆಗೋದಿ. (ಆ ಹೆಂಗಸಿನ ಹೆಸರು ಮೂರನೆಯ ಅಧ್ಯಾಯದಲ್ಲಿಲ್ಲ, ಗೋಮೆರಳೇ ಎಂದು ಓದುವುದು ರೂಢಿ.) ಕೈಯಲ್ಲಿದ್ದ ಬೆಳ್ಳಿ ಸಾಲದೆ ಕಣಜಕ್ಕೂ ಕೈಹಾಕಿದನೇನೋ.

ಈ ಪ್ರೀತಿಗೆ ಆಧಾರವೇನು? ಇಸ್ರಾಯೇಲರ ಯೋಗ್ಯತೆಯಂತೂ ಇರಲಾರದು. ಇದಕ್ಕೆ ಉತ್ತರ ಹನ್ನೊಂದನೆಯ ಅಧ್ಯಾಯದಲ್ಲಿದೆ. ಅಲ್ಲಿ ಗಂಡ ಹೆಂಡತಿಯ ರೂಪಕ ಹಿಂದೆ ಸರಿದು, ಮಗುವಿಗೆ ನಡೆಯಲು ಕಲಿಸಿದ ಹೆತ್ತ ಕರುಳು ಮುಂದೆ ಬರುತ್ತದೆ. ದಂಡನೆಯ ಮಾತು ಆಡುತ್ತಾ ಆಡುತ್ತಾ ದೇವರು ತಡೆದು ನಿಲ್ಲುತ್ತಾನೆ. ಇವರನ್ನು ಹೇಗೆ ಕೈಬಿಡಲಿ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಕೈಬಿಡದಿರಲು ಅವನು ಕೊಡುವ ಕಾರಣ: ತಾನು ಮನುಷ್ಯನಲ್ಲ, ದೇವರು. ಮನುಷ್ಯ ಕ್ಷಮಿಸಿಯಾನು, ದೇವರು ಕ್ಷಮಿಸಲಾರ ಎಂದೇ ಭಯಭಕ್ತಿಯ ಮನಸ್ಸು ಎಣಿಸುವುದು. ಇಲ್ಲಿ ಆ ಎಣಿಕೆ ತಲೆಕೆಳಗು. ಸಾಕಾಗಿ ಬಿಟ್ಟುಬಿಡುವುದು ಮನುಷ್ಯರ ಗುಣ, ಬಿಡದಿರುವುದೇ ದೈವತ್ವ. ಹಾಗೆಂದು ಸಿಟ್ಟು ಇಲ್ಲದಿಲ್ಲ. ನನ್ನ ಮಟ್ಟಿಗೆ ಈ ಪ್ರೀತಿ ನಂಬುವಂತಾಗುವುದೇ ಆ ಸಿಟ್ಟಿನಿಂದ. ಯಾರೇನಾದರೆ ನನಗೇನು ಎನ್ನುವವನಿಗೆ ಸಿಟ್ಟೇಕೆ ಬಂದೀತು?

ತತ್ತ್ವಜ್ಞಾನಿಗಳಿಗೆ ಇದು ಬಿಸಿತುಪ್ಪ. ಅರಿಸ್ಟಾಟಲನ ದೇವರು ತಾನು ಚಲಿಸದೆ ಎಲ್ಲವನ್ನೂ ಚಲಿಸುವಂತೆ ಮಾಡುವವನು. ಅವನ ಚಿಂತನೆಗೆ ಅವನೇ ವಿಷಯ. ದೇವರಿಗೆ ನೋವು ತಟ್ಟದೆಂಬುದು ಸಭೆಯ ಪ್ರಾಚೀನ ಆಚಾರ್ಯರಲ್ಲಿಯೂ ಬಲವಾಗಿದ್ದ ನಿಲುವು. ಯೆಹೂದಿ ಚಿಂತಕ ಅಬ್ರಹಾಂ ಹೆಶೆಲ್ 1962ರಲ್ಲಿ ಪ್ರವಾದಿಗಳ ಕುರಿತು ಬರೆದ ಗ್ರಂಥದಲ್ಲಿ ಇದಕ್ಕೆ ಎದುರು ನಿಂತರು: ಪ್ರವಾದಿಗಳು ಕಂಡ ದೇವರು ಮನುಷ್ಯರ ನಡೆಗೆ ಮಿಡಿಯುವವನು, ನೋಯುವವನು. ಹೋಶೇಯನು ಮೊದಲು ಯೆಹೂದ್ಯರ ಪ್ರವಾದಿ ಎಂಬುದನ್ನೂ ಇಲ್ಲಿ ನೆನೆಯಬೇಕು.

ಯೇಸು ಸುಂಕದವರ ಪಂಕ್ತಿಯಲ್ಲಿ ಊಟಕ್ಕೆ ಕುಳಿತದ್ದನ್ನು ಫರಿಸಾಯರು ಆಕ್ಷೇಪಿಸಿದಾಗ, ಬಲಿಗಿಂತ ಕರುಣೆ ಮೇಲೆನ್ನುವ ಹೋಶೇಯನ ಮಾತನ್ನೇ ಆತ ಅವರ ಮುಂದಿಟ್ಟನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತನೆಂಬ ಪೌಲನ ವಾದವೂ ಇದೇ ಜಾಡಿನದು. ಪ್ರೀತಿ ಮೊದಲು, ಮಾನಸಾಂತರ ಆಮೇಲೆ. ಲೂಕನ ಸುವಾರ್ತೆಯಲ್ಲಿರುವ, ಮನೆಬಿಟ್ಟು ಹೋಗಿ ಮರಳಿದ ಮಗನ ಸಾಮ್ಯದಲ್ಲಿ ತಂದೆ ಓಡಿಹೋಗಿ ಅಪ್ಪಿಕೊಳ್ಳುವುದು ಮಗ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವ ಮುಂಚೆಯೇ. ಹಾಗಾದರೆ ಏನು ಮಾಡಿದರೂ ನಡೆಯುತ್ತದೆಯೆ? ಜರ್ಮನಿಯ ದೇವತಾಶಾಸ್ತ್ರಜ್ಞ ಬೊನ್‌ಹೋಫರ್ 1937ರಲ್ಲಿ ಇಂಥ ಧೋರಣೆಯನ್ನೇ ‘ಅಗ್ಗದ ಕೃಪೆ’ ಎಂದು ಜರೆದರು.

ಇನ್ನೊಂದು ತಕರಾರು ಹೆಚ್ಚು ತೂಕದ್ದು. ಈ ಕಥೆಯಲ್ಲಿ ಗೋಮೆರಳ ಬಾಯಿಂದ ಒಂದು ಮಾತೂ ಇಲ್ಲ. ಎರಡನೆಯ ಅಧ್ಯಾಯದ ಗಂಡ ಹೆಂಡತಿಯನ್ನು ಬೆತ್ತಲೆ ಮಾಡುವೆನೆಂದು ಬೆದರಿಸುತ್ತಾನೆ. ಗಂಡನ ಜಾಗದಲ್ಲಿ ದೇವರನ್ನು ಕೂರಿಸಿದರೆ ಹೊಡೆಯುವ ಗಂಡನಿಗೂ ಸಮರ್ಥನೆ ಸಿಕ್ಕಿಬಿಡುತ್ತದೆ ಎಂದು ರೆನಿಟಾ ವೀಮ್ಸ್‌ರಂಥ ವಿದ್ವಾಂಸರು ಎಚ್ಚರಿಸಿದ್ದಾರೆ. ಅದು ನ್ಯಾಯವೇ. ರೂಪಕಕ್ಕೆ ಅದರ ಕಾಲದ ಮಡ್ಡಿಯೂ ಅಂಟಿರುತ್ತದೆ.

ಕೊನೆಗೂ ಬಿಡಿಸದೆ ಉಳಿದ ಗಂಟು, ಎಂದಿಗೂ ಒಲ್ಲೆನೆನ್ನುವವರದು. ಎಲ್ಲರೂ ಒಂದು ದಿನ ಮರಳುವರೆಂದು 4ನೇ ಶತಮಾನದ ಸಭಾಚಾರ್ಯ ನಿಸ್ಸಾದ ಗ್ರೆಗೊರಿ ಆಶಿಸಿದರು. ಇನ್ನೊಬ್ಬ ಆಚಾರ್ಯ ಆಗಸ್ಟೀನರು ಅಂಥ ಆಸೆಯನ್ನು ತಳ್ಳಿಹಾಕಿದರು. ಹೋಶೇಯನ ಪುಸ್ತಕದಲ್ಲಿ ಇಬ್ಬರಿಗೂ ಆಧಾರ ಸಿಗುತ್ತದೆ. ಅವನು ಎಚ್ಚರಿಸಿದಂತೆ ಕ್ರಿ.ಪೂ. 722ರ ಸುಮಾರಿಗೆ ಇಸ್ರಾಯೇಲಿನ ರಾಜಧಾನಿ ಸಮಾರ್ಯವು ಅಶ್ಶೂರ್ಯರ ಪಾಲಾಯಿತು. ಪುಸ್ತಕದ ಕಡೆಯ ಅಧ್ಯಾಯ ಮಾತ್ರ ಅದೇ ಜನರನ್ನು ಮರಳಿ ಬನ್ನಿರೆಂದು ಕರೆಯುತ್ತದೆ.